ಮೂರು ಬಾರಿ ಬದಲಿಸಿದ ಸೆನ್ಸರ್: ಸರಣಿ ಜೋಡಣೆಯ ಪಾಠಕ್ಕೊಂದು ನಿದರ್ಶನ

ಓಮನ ನಿಯಮವನ್ನೂ ರೋಧಗಳ ಸರಣಿ ಜೋಡಣೆಯನ್ನೂ ಬೋಧಿಸುವಾಗ ಲೆಕ್ಕಗಳು ಬಹುಬೇಗ ಬಾಯಿಪಾಠವಾಗಿಬಿಡುತ್ತವೆ. ಅವಕ್ಕೆ ಜೀವ ತುಂಬಬಲ್ಲ ನಿದರ್ಶನವೊಂದು ನನಗೆ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ದೊರೆಯಿತು.

ಈ ಕಣಿವೆಯ ಕೂಲಿಕಾರರು ನಸುಕಿನಲ್ಲೇ ಜೀಪುಗಳನ್ನೇರಿ ಕುಮಳಿ, ಕಂಬಂ ಮೆಟ್ಟು, ಬೋಡಿ ಮೆಟ್ಟುಗಳ ಮೂಲಕ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಏರುದಾರಿಯಲ್ಲಿ ಎಂಜಿನ್ ಕಾದು ನಿಂತರೆ ಅಂದಿನ ಕೂಲಿ ಹೋದಂತೆಯೇ. ಮನೆಮಾತು ಕನ್ನಡವಾಗಿರುವ ಕಪ್ಪಿಲಿಯರ ಕುಟುಂಬಗಳು ಇಲ್ಲಿ ಹಲವು. ನಾನು ಕಂಡ ಮೆಕ್ಯಾನಿಕ್ ಅಂಥ ಮನೆಯವರು. ಕೆಲಸವೆಲ್ಲ ತಮಿಳಿನಲ್ಲಿ ನಡೆದರೂ ನನಗೆ ವಿವರಿಸಿದ್ದು ಮನೆಯ ಕನ್ನಡದಲ್ಲಿ.

ಅವರ ಮುಂದಿದ್ದ ಹಳೆಯ ವಾಹನದಲ್ಲಿ, ರೇಡಿಯೇಟರ್ ನೀರಿನ ತಾಪವನ್ನು ಅಳೆಯುವ ಸೆನ್ಸರನ್ನು ಬೇರೆಡೆ ಮೂರು ಬಾರಿ ಬದಲಿಸಲಾಗಿತ್ತು. ಪ್ರತಿ ಸಲವೂ ಕೆಲವು ವಾರ ಸರಿಯಿದ್ದು ಮತ್ತೆ ಅದೇ ದೋಷ. ಮಾಲೀಕರು ಬಿಡಿಭಾಗವನ್ನೇ ಶಪಿಸುತ್ತಿದ್ದರು.

ಸೆನ್ಸರಿನ ಒಳಗಿರುವುದು ಥರ್ಮಿಸ್ಟರ್. ತಾಪ ಏರಿದಂತೆ ಅದರ ರೋಧ ಇಳಿಯುತ್ತದೆ; ಲೋಹದ ತಂತಿಯಲ್ಲಿ ಇದಕ್ಕೆ ವಿರುದ್ಧ. ಎಂಜಿನ್ನಿನ ನಿಯಂತ್ರಕ ಒದಗಿಸುವ 5 ವೋಲ್ಟನ್ನು ಸ್ಥಿರರೋಧವೊಂದೂ ಸೆನ್ಸರೂ ಹಂಚಿಕೊಳ್ಳುತ್ತವೆ. ಸೆನ್ಸರಿನ ಪಾಲಿನಿಂದ ನಿಯಂತ್ರಕವು ತಾಪವನ್ನು ಊಹಿಸುತ್ತದೆ.

ಕಪ್ಪುಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿಸಿರಿ. ಸ್ಥಿರರೋಧ 2500 ಓಮ್ ಆಗಿರಲಿ; ಸೆನ್ಸರಿನ ರೋಧ 20 ಡಿಗ್ರಿಯಲ್ಲಿ 2500 ಓಮ್, 80 ಡಿಗ್ರಿಯಲ್ಲಿ 300 ಓಮ್ ಆಗಿರಲಿ. ಸೆನ್ಸರಿನ ಪಾಲು ತಣ್ಣಗಿದ್ದಾಗ 2.5 ವೋಲ್ಟ್, ಕಾದಾಗ ಸುಮಾರು 0.54 ವೋಲ್ಟ್. ಈಗ ಪ್ಲಗ್ಗಿನ ಪಿನ್ನಿಗೆ ಕಿಲುಬು ಹಿಡಿದು 200 ಓಮ್ ಸೇರಿಕೊಂಡಿತೆನ್ನೋಣ. ತಣ್ಣಗಿದ್ದಾಗ ಓದು 2.6 ವೋಲ್ಟ್, ವ್ಯತ್ಯಾಸ ಯಾರ ಗಮನಕ್ಕೂ ಬಾರದು. ಕಾದಾಗಲಾದರೋ 0.83 ವೋಲ್ಟ್! 80 ಡಿಗ್ರಿಯ ಎಂಜಿನ್ನನ್ನು ನಿಯಂತ್ರಕವು ಸುಮಾರು 63 ಡಿಗ್ರಿಯೆಂದು ತಿಳಿಯುತ್ತದೆ. ಅದರ ಅಂಕೆಯಲ್ಲಿರುವ ಫ್ಯಾನು ತಡವಾಗಿ ತಿರುಗುತ್ತದೆ. ಬೆಳಗ್ಗೆ ಅಂಗಳದಲ್ಲಿ ಸರಿಯಿದ್ದ ವಾಹನ ಘಟ್ಟದಲ್ಲಿ ಕೈಕೊಡುವುದು ಹೀಗೆ.

ಮೆಕ್ಯಾನಿಕ್ ಹೊಸ ಸೆನ್ಸರನ್ನು ತರಿಸಲಿಲ್ಲ. ಮೊದಲು ಪ್ಲಗ್ ಕಳಚಿ 5 ವೋಲ್ಟ್ ಬರುತ್ತಿದೆಯೇ ಎಂದು ನೋಡಿದರು, ಬರುತ್ತಿತ್ತು. (ಪ್ರವಾಹ ಹರಿಯದಿರುವಾಗ ಕಿಲುಬು ವೋಲ್ಟನ್ನು ತಗ್ಗಿಸದು. ಏಕೆಂದು ಮಕ್ಕಳನ್ನೇ ಕೇಳಿರಿ. ಈ ಪಾಠದ ಉತ್ತಮ ಪ್ರಶ್ನೆ ಇದೇ.) ಬ್ಯಾಟರಿಯಿಂದ ಎಂಜಿನ್ನಿಗೆ ಬರುವ ಅರ್ಥ್ ತಂತಿಯನ್ನೂ ಆಲ್ಟರ್ನೇಟರಿನ ವೋಲ್ಟನ್ನೂ ಪರೀಕ್ಷಿಸಿದರು; ಅದು 14ರ ಆಸುಪಾಸಿನಲ್ಲಿತ್ತು. ಬಳಿಕ ಪ್ಲಗ್ಗನ್ನು ಮತ್ತೆ ಜೋಡಿಸಿ, ಎಂಜಿನ್ ಕಾದ ಮೇಲೆ ತಂತಿಯ ಕಟ್ಟನ್ನು ಮೆಲ್ಲನೆ ಅಲುಗಿಸುತ್ತ ಮೀಟರನ್ನು ನೋಡಿದರು. ಪ್ಲಗ್ಗಿನ ಬಳಿ ಅಂಕಿ ಹಾರಿತು. ಒಳಗೆ ಹಸಿರು ಕಿಲುಬು. ಹಿಂದೆ ಸೆನ್ಸರ್ ಬದಲಿಸಿದಾಗಲೆಲ್ಲ ಪ್ಲಗ್ ಕಳಚಿ ಸಿಕ್ಕಿಸುವಲ್ಲಿ ಕಿಲುಬು ತುಸು ಉಜ್ಜಿಹೋಗಿ, ಹೊಸ ಸೆನ್ಸರಿಗೆ ಕೀರ್ತಿ ಬಂದಿತ್ತು.

ಮಾಲೀಕರು ಡಬ್ಬಿಯಲ್ಲಿಟ್ಟಿದ್ದ ಹಳೆಯ ಸೆನ್ಸರುಗಳನ್ನು ಬಿಸಿನೀರಿನಲ್ಲಿಟ್ಟು ಅಳೆದಾಗ ಮೂರೂ ಸರಿಯಾಗಿಯೇ ಇದ್ದವು.

ತರಗತಿಗೆ ಬೇಕಾದುದು ಇಷ್ಟೇ: ವರ್ಕ್‌ಶಾಪಿನಲ್ಲಿ ಬಿಸಾಡಿದ ಸೆನ್ಸರ್, ಮಲ್ಟಿಮೀಟರ್, ತಾಪಮಾಪಕ, ಬಿಸಿನೀರು. ನೀರನ್ನು ಶಿಕ್ಷಕರೇ ಸುರಿಯಲಿ. ನೀರು ಆರುತ್ತಿರುವಾಗ ಪ್ರತಿ 10 ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಂಡು ಮಕ್ಕಳು ನಕ್ಷೆ ಎಳೆಯಲಿ. ಪರೀಕ್ಷೆಯಲ್ಲಿ ‘ಸಂವೇದಕ’ ಎಂದು ಬರೆಯಲಿ. ಮಾತಿನಲ್ಲಿ ‘ಸೆನ್ಸರ್’ ಎಂದರೆ ತಿದ್ದಬೇಡಿರಿ.