ಮುಪ್ಪಿನ ಅಕ್ಷರಾಭ್ಯಾಸ
ವಯಸ್ಸು ಸಂದ ಮೇಲೆ ವಿದ್ಯೆ ಹತ್ತದೆಂಬುದು ಮನೆಮನೆಯ ಮಾತು. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮನವರು ಬಾಲ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗುಡಿಸಿ ಸಾರಿಸುವ ದುಡಿಮೆಯಲ್ಲಿಯೇ ಆಯುಷ್ಯ ಸವೆಸಿದವರು. ತಮ್ಮ ಮಗಳು ಇಳಿವಯಸ್ಸಿನಲ್ಲಿ ಪರೀಕ್ಷೆ ಗೆದ್ದುದನ್ನು ಕಂಡು ತಾವೂ ಸಾಕ್ಷರತಾ ಮಿಷನ್ನಿನ ‘ಅಕ್ಷರಲಕ್ಷಂ’ ಪಾಠಕ್ಕೆ ಕುಳಿತರು. 2018ರಲ್ಲಿ, 96ರ ಪ್ರಾಯದಲ್ಲಿ, ನೂರಕ್ಕೆ 98 ಅಂಕಗಳನ್ನು ಪಡೆದರು.

ಇಂತಹ ಪಾಠದಲ್ಲಿ ಕಠಿನವಾದುದು ಅಕ್ಷರವಲ್ಲ, ನಾಚಿಕೆ. ಮೊಮ್ಮಕ್ಕಳ ಪ್ರಾಯದವರೆದುರು ‘ನನಗೆ ಬಾರದು’ ಎಂದು ಒಪ್ಪಿಕೊಳ್ಳಬೇಕು. ಹಿರಿತನದ ಆ ಅಭಿಮಾನವನ್ನು ಬದಿಗಿಡದೆ ಬಳಪ ಹಿಡಿಯಲಾಗದು. ಹಿರಿಯರು ಹಿಂಜರಿಯುವುದಕ್ಕೆ ಮನೆಯ ಕಿರಿಯರ ನಗೆಯೂ ಕಾರಣವೆಂಬುದನ್ನು ಮರೆಮಾಚಬಾರದು.

ಪರೀಕ್ಷೆಯ ತರುವಾಯ ಆಕೆ ಗಣಕಯಂತ್ರವನ್ನೂ ಕಲಿಯಬೇಕೆಂದು ಬಯಸಿದರು. 2020ರಲ್ಲಿ ರಾಷ್ಟ್ರಪತಿಗಳ ಕೈಯಿಂದ ನಾರಿಶಕ್ತಿ ಪುರಸ್ಕಾರ ಸ್ವೀಕರಿಸಿದ ಆ ಹಿರಿಯ ವಿದ್ಯಾರ್ಥಿನಿ 2023ರಲ್ಲಿ ತೀರಿಕೊಂಡರು.