ಔಷಧಿಗೆ ಮುಂಚೆ ಹುಳುವಿನ ಗುರುತು



ಹಿತ್ತಲಿನ ಬದನೆ ಗಿಡದ ಮೇಲೆ ಒಂದು ಹುಳು ಕಾಣುತ್ತದೆ. ಮನೆಯ ಯಜಮಾನರು ಔಷಧಿ ಅಂಗಡಿಗೆ ಹೋಗಿ, “ಗಿಡಕ್ಕೆ ಹುಳು ಬಿದ್ದದೆ, ಏನಾದರೂ ಕೊಡಿ” ಎನ್ನುತ್ತಾರೆ. “ಎಂಥ ಹುಳು?” ಎಂದು ಅಂಗಡಿಯವರು ಕೇಳಿದರೆ, “ಕೆಂಪಗೆ, ಚುಕ್ಕಿ ಚುಕ್ಕಿ ಅದೆ” ಎಂದು ಉತ್ತರ. ಇಷ್ಟು ಮಾತಿನ ಮೇಲೆ ಒಂದು ಸೀಸೆ ಮನೆಗೆ ಬರುತ್ತದೆ. ಆ ಹುಳು ಗಿಡವನ್ನು ತಿನ್ನುವುದೋ, ಗಿಡದ ರಸ ಹೀರುವ ಹೇನನ್ನು ತಿನ್ನುವುದೋ ಎಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಹಗ್ಗವನ್ನು ಹಾವೆಂದು ಹೊಡೆದರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ ಮಿತ್ರನಾದ ಹುಳುವನ್ನು ಶತ್ರುವೆಂದು ಕೊಂದರೆ ಕೈಯ ಹಣವೂ ಹೋಯಿತು, ಬೆಳೆಯ ಕಾವಲೂ ಹೋಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮಗೆ ಇನ್ನೊಂದು ಭಯವೂ ಉಂಟು. ಸಿಂಪಡಿಸಿದ ಔಷಧಿ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆಯ ಮೇಲೆ ಬಿದ್ದು, ಆ ಸೊಪ್ಪನ್ನು ರೇಷ್ಮೆ ಹುಳುಗಳಿಗೆ ಹಾಕಿದರೆ ಇಡೀ ಬೆಳೆಯೇ ಕೈಬಿಡಬಹುದು.

ಈಗ ಹೆಚ್ಚಿನ ಮನೆಗಳಲ್ಲಿ ಚಿತ್ರ ತೆಗೆಯುವ ಮೊಬೈಲ್ ಫೋನ್ ಇದೆ. ಅದರಿಂದ ಹುಳುವಿನ ಚಿತ್ರವನ್ನು ಸರಿಯಾಗಿ ತೆಗೆದು ಗುರುತು ಹಿಡಿಯುವುದು ಹೇಗೆಂಬುದೇ ಈ ಪಾಠ.

ಹಳೆಯ ನಿಯಮ

ಮೊದಲು ಹುಳುವನ್ನು ತಿಳಿ, ಆಮೇಲೆ ಮದ್ದನ್ನು ಹುಡುಕು ಎಂಬ ನಿಯಮ ನಮ್ಮ ಸೀಮೆಗೆ ಹೊಸದಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೆ ದುಡಿದ ಲೆಸ್ಲಿ ಕೋಲ್ಮನ್ನರ ಹೆಸರನ್ನು ಹಿರಿಯರು ಕೇಳಿದ್ದಾರೆ. ಕೆನಡಾ ದೇಶದವರಾದ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದುದು ಬೆಳೆಗಳ ರೋಗ ಮತ್ತು ಕೀಟಗಳ ತಜ್ಞರಾಗಿ. ಜೋಳವನ್ನು ಹಾಳುಮಾಡುತ್ತಿದ್ದ ರೆಕ್ಕೆಯಿಲ್ಲದ ಒಂದು ಮಿಡತೆಯ ಜೀವನಕ್ರಮವನ್ನು ಅವರು ಮೊಟ್ಟೆಯಿಂದ ಹಿಡಿದು ಅಭ್ಯಾಸ ಮಾಡಿದರು. ಆ ಮಿಡತೆಯ ಶಾಸ್ತ್ರೀಯ ಹೆಸರಾದ ‘ಕೋಲ್ಮೇನಿಯಾ’ ಎಂಬುದರಲ್ಲಿ ಅವರ ಹೆಸರೇ ಉಳಿದಿದೆ. ಅಂದು ತಜ್ಞರು ಹೊಲಕ್ಕೇ ಬಂದು ನೋಡಬೇಕಾಗಿತ್ತು. ಇಂದು ನಮ್ಮ ಹಿತ್ತಲಿನ ಹುಳುವಿನ ಚಿತ್ರವನ್ನು ಒಂದು ಗಳಿಗೆಯಲ್ಲಿ ಅವರ ಕಣ್ಣ ಮುಂದೆ ಇಡಬಹುದು.

ಒಂದೇ ಬಗೆಯಾಗಿ ಕಾಣುವ ಜೋಡಿಗಳು

ಮೊದಲು ಕಾಲುಗಳನ್ನು ಎಣಿಸಿರಿ. ಬೆಳೆದ ಕೀಟಕ್ಕೆ ಆರು ಕಾಲು. ಎಂಟು ಕಾಲಿದ್ದರೆ ಅದು ಜೇಡ ಅಥವಾ ಅದರ ಬಳಗದ ನುಸಿ, ಉಣ್ಣೆ. ಆಮೇಲೆ ರೆಕ್ಕೆ, ಮೀಸೆ, ಸೊಂಟ ಇವುಗಳನ್ನು ನೋಡತಕ್ಕದ್ದು. ಬಣ್ಣವನ್ನು ಮಾತ್ರ ನಂಬಿದರೆ ಮೋಸಹೋಗುತ್ತೇವೆ. ಏಕೆಂದರೆ ಮನೆಯ ಸುತ್ತಲೇ ಶತ್ರು ಮಿತ್ರರು ಒಂದೇ ವೇಷದಲ್ಲಿರುವುದುಂಟು. ನಾಲ್ಕು ಜೋಡಿಗಳನ್ನು ನೋಡೋಣ.

1. ಗುಲಗಂಜಿ ಹುಳು. ಕೆಂಪು ಬೆನ್ನು, ಕಪ್ಪು ಚುಕ್ಕೆ, ನುಣುಪಾದ ಹೊಳಪು. ಇದು ಹೇನುಗಳನ್ನು ತಿನ್ನುವ ಮಿತ್ರ. ಇದರ ಮರಿ ತಾಯಿಯಂತಿರುವುದಿಲ್ಲ. ಉದ್ದವಾಗಿ, ಕಪ್ಪಗೆ, ಪುಟ್ಟ ಮೊಸಳೆಯ ಹಾಗೆ ಕಾಣುತ್ತದೆ. ಕಂಡವರು ಹೊಸಕಿಹಾಕುವುದು ಸಾಮಾನ್ಯ. ಹಾಗೆ ಮಾಡಬಾರದು, ಅದೂ ಹೇನನ್ನೇ ತಿನ್ನುತ್ತದೆ. ಇದೇ ಬಳಗದಲ್ಲಿ ಬದನೆ ಎಲೆಯನ್ನು ತಿನ್ನುವ ದುಂಬಿಯೊಂದಿದೆ. ಅದರ ಬೆನ್ನಿಗೆ ಹೊಳಪಿಲ್ಲ. ಸಣ್ಣ ರೋಮವಿದ್ದು ಮಂಕಾಗಿ ಕಾಣುತ್ತದೆ, ಚುಕ್ಕೆಗಳೂ ಬಹಳ. ಅದರ ಮರಿ ಹಳದಿ ಬಣ್ಣದ್ದು, ಮೈತುಂಬ ಮುಳ್ಳು. ಅದು ಕುಳಿತ ಎಲೆ ಹಸಿರೆಲ್ಲ ಕೆರೆದುಹೋಗಿ ಜರಡಿಯಂತಾಗಿರುತ್ತದೆ. ಆದುದರಿಂದ ಹುಳುವಿನ ಜೊತೆಗೆ ಎಲೆಯನ್ನೂ ನೋಡಬೇಕು. ಇಂಥ ದುಂಬಿ ನಾಲ್ಕಾರು ಗಿಡಗಳಲ್ಲಿ ಮಾತ್ರ ಇದ್ದರೆ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿದರೆ ಸಾಕು.

2. ಮನೆನೊಣ ಮತ್ತು ಊಜಿ ನೊಣ. ಊಜಿ ನೊಣ 1980ರಲ್ಲಿ ಕರ್ನಾಟಕದ ರೇಷ್ಮೆ ಸೀಮೆಗೆ ಕಾಲಿಟ್ಟಿತು. ಎರಡು ನೊಣಗಳ ಎದೆಯ ಮೇಲ್ಭಾಗದಲ್ಲೂ ನಾಲ್ಕು ಕಪ್ಪು ಗೆರೆಗಳಿವೆ. ಹಾಗಾಗಿ ಗೆರೆ ಎಣಿಸಿ ತೀರ್ಮಾನಿಸಬಾರದು. ಊಜಿ ನೊಣ ಮನೆನೊಣಕ್ಕಿಂತ ದೊಡ್ಡದು, ಹೊಟ್ಟೆಯ ಭಾಗ ತುದಿಗೆ ಚೂಪಾಗಿದ್ದು ಒರಟು ಕೂದಲಿರುತ್ತದೆ. ಸಂದೇಹವಾದರೆ ರೇಷ್ಮೆ ಹುಳುವಿನ ಮೈ ನೋಡಿರಿ. ಚರ್ಮದ ಮೇಲೆ ಗುಂಡುಸೂಜಿಯ ತಲೆಯಷ್ಟು ಬಿಳಿ ಮೊಟ್ಟೆಯೋ, ಕಪ್ಪು ಕಲೆಯೋ ಕಂಡರೆ ಊಜಿ ಬಂದಿದೆ ಎಂದು ತಿಳಿಯಬೇಕು. ಆದರೆ ಸಾಕಣೆ ಮನೆಯೊಳಗೆ ಕೀಟನಾಶಕ ಹೊಡೆಯುವಂತಿಲ್ಲ. ನೊಣದೊಡನೆ ರೇಷ್ಮೆ ಹುಳುವೂ ಸಾಯುತ್ತದೆ. ಕಿಟಕಿ ಬಾಗಿಲುಗಳಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ನೆಲದ ಬಿರುಕುಗಳಲ್ಲಿ ಅಡಗುವ ಊಜಿಯ ಹುಳು ಮತ್ತು ಕೋಶಗಳನ್ನು ಆರಿಸಿ ನಾಶಮಾಡತಕ್ಕದ್ದು.

3. ರೆಕ್ಕೆಯ ಗೆದ್ದಲು ಮತ್ತು ರೆಕ್ಕೆಯ ಇರುವೆ. ಮೊದಲ ಮಳೆಯ ನಂತರ ಸಂಜೆಯ ದೀಪಕ್ಕೆ ಎರಡೂ ಮುತ್ತುತ್ತವೆ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ನೇರ. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಸೊಂಟ ಸಣ್ಣ, ಮೀಸೆ ಬಾಗಿದ್ದು. ಗೆದ್ದಲು ಹೊರಗಿನಿಂದ ಹಾರಿಬಂದಿದ್ದರೆ ಚಿಂತೆಯಿಲ್ಲ. ಮನೆಯ ಗೋಡೆಯಿಂದಲೋ ಬಾಗಿಲ ಚೌಕಟ್ಟಿನಿಂದಲೋ ಹೊರಡುತ್ತಿದ್ದರೆ ಮರಮುಟ್ಟುಗಳನ್ನು ತಟ್ಟಿ ಪರೀಕ್ಷಿಸಬೇಕು.

4. ಸೊಳ್ಳೆಗಳು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಗೋಡೆಯ ಮೇಲೆ ಹಿಂಭಾಗವನ್ನು ಮೇಲೆತ್ತಿ ಓರೆಯಾಗಿ ಕೂರುತ್ತದೆ; ಅದರ ಮರಿ ನೀರಿನ ಮೇಲೆ ಅಡ್ಡಲಾಗಿ ಮಲಗಿರುತ್ತದೆ. ಬೇರೆ ಸೊಳ್ಳೆಗಳ ಮರಿ ತಲೆಕೆಳಗಾಗಿ ತೂಗುತ್ತದೆ. ಡೆಂಗೀ ಹರಡುವ ಈಡಿಸ್ ಸೊಳ್ಳೆಯ ಕರಿಯ ಕಾಲುಗಳ ಮೇಲೆ ಬಿಳಿ ಪಟ್ಟೆಗಳಿವೆ, ಕಚ್ಚುವುದು ಹಗಲಿನಲ್ಲಿ. ಅದು ಹುಟ್ಟುವುದು ನಮ್ಮ ಮನೆಯ ತೊಟ್ಟಿ, ಡ್ರಮ್ಮು, ಒಡೆದ ಮಡಕೆ, ಹಳೆಯ ಟೈರುಗಳಲ್ಲಿ. ಪಟ್ಟೆಯ ಕಾಲು ಕಂಡ ಮನೆಯವರು ಮೊದಲು ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ, ಒಣಗಿಸಬೇಕು.

ಕಬ್ಬಿನ ಬೆಳೆಗಾರರಿಗೆ ಒಂದು ನೆನಪು

2002ರಿಂದೀಚೆಗೆ ಮಹಾರಾಷ್ಟ್ರದ ಗಡಿಯ ಕಡೆಯಿಂದ ನಮ್ಮ ರಾಜ್ಯದ ಕಬ್ಬಿಗೆ ಬಿಳಿ ಉಣ್ಣೆ ಹೇನು ಹರಡಿತು. ಎಲೆಯ ತಳಭಾಗ ಹತ್ತಿ ಅಂಟಿಸಿದಂತೆ ಬೆಳ್ಳಗಾಗುತ್ತಿತ್ತು. ಆ ಹೇನಿನ ನಡುವೆ ಒಂದು ಸಣ್ಣ ಪತಂಗದ ಮರಿಹುಳುವೂ ಓಡಾಡುತ್ತಿತ್ತು. ನೋಡಿದವರಿಗೆ ಅದೂ ಮತ್ತೊಂದು ಪೀಡೆಯೆಂದೇ ತೋರಬಹುದು. ಆದರೆ ಅದು ಹೇನನ್ನು ತಿನ್ನುವ ‘ಡೈಫಾ’ ಎಂಬ ಮಿತ್ರಕೀಟ. ಮೈಕ್ರೋಮಸ್ ಎಂಬ ಇನ್ನೊಂದು ಕೀಟವೂ ಅದರೊಡನೆ ಹೇನನ್ನು ಮುಗಿಸುತ್ತಿತ್ತು. ಇವುಗಳ ಗುರುತು ಹಿಡಿದ ತಜ್ಞರು ಅವುಗಳನ್ನು ಕಾಪಾಡಿ, ಸಾಕಿ ಬಿಡುವ ಕ್ರಮ ಹೇಳಿಕೊಟ್ಟರು. ಗುರುತು ಹಿಡಿಯದೆ ಔಷಧಿ ಹೊಡೆದ ಗದ್ದೆಯಲ್ಲಿ ಹೇನಿನ ಜೊತೆಗೆ ಈ ಕಾವಲುಗಾರರೂ ಸಾಯುತ್ತಾರೆ.

ಚಿತ್ರ ತೆಗೆಯುವ ಕ್ರಮ

(1) ಬೆಳಗಿನ ಹೊತ್ತು ಒಳ್ಳೆಯದು. ಆಗ ಹುಳುಗಳು ಹೆಚ್ಚು ಚುರುಕಾಗಿರುವುದಿಲ್ಲ. ನೇರ ಬಿಸಿಲಿಗಿಂತ ಬೆಳಕಿರುವ ನೆರಳೇ ಮೇಲು. ಸಿಂಪಡಿಸಿದ ಹೊಲಕ್ಕೆ ಆ ದಿನವೇ ಹೋಗಬೇಡಿ.

(2) ಮೊದಲು ಹುಳು ಇದ್ದ ಜಾಗದಲ್ಲೇ, ಎಲೆಯ ಸಮೇತ ಒಂದು ಚಿತ್ರ ತೆಗೆಯಿರಿ. ಎಲೆಯ ತಳಭಾಗವನ್ನೂ ತಿರುಗಿಸಿ ತೆಗೆಯಿರಿ.

(3) ಆಮೇಲೆ ಅದನ್ನು ಗಾಜಿನ ಲೋಟದಡಿ ಬಿಳಿ ಕಾಗದದ ಮೇಲೆ ಕೂರಿಸಿರಿ. ಕಂಬಳಿಹುಳುವನ್ನೂ ಗುರುತಿಲ್ಲದ ಹುಳುವನ್ನೂ ಬರಿಗೈಯಲ್ಲಿ ಮುಟ್ಟಬಾರದು, ಕಡ್ಡಿಯಿಂದ ಎತ್ತಬೇಕು.

(4) ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನೋ ಬೆಂಕಿಕಡ್ಡಿಯನ್ನೋ ಇಡಿರಿ. ಅದಿಲ್ಲದಿದ್ದರೆ ಚಿತ್ರ ನೋಡಿದವರಿಗೆ ಹುಳು ಸಾಸಿವೆಯಷ್ಟೋ ಹುಣಸೆ ಬೀಜದಷ್ಟೋ ತಿಳಿಯುವುದಿಲ್ಲ.

(5) ಮೂರು ಚಿತ್ರ ಬೇಕು: ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ ಕಡೆಯಿಂದ ಒಂದು. ಜೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಫೋನನ್ನೇ ಸುಮಾರು ಒಂದು ಗೇಣಿನ ಸಮೀಪಕ್ಕೆ ಒಯ್ದು, ಪರದೆಯಲ್ಲಿ ಹುಳುವಿನ ಮೇಲೆ ಬೆರಳೊತ್ತಿ, ಸ್ಪಷ್ಟವಾದ ಮೇಲೆ ತೆಗೆಯಿರಿ. ಕೈ ನಡುಗಿದರೆ ಮೊಣಕೈಯನ್ನು ಊರಿಕೊಳ್ಳಿರಿ. ಬಹಳ ಸಣ್ಣ ಹುಳುವಾದರೆ ಮಕ್ಕಳ ಭೂತಗನ್ನಡಿಯನ್ನು ಫೋನಿನ ಕಣ್ಣಿನ ಮುಂದೆ ಹಿಡಿಯಬಹುದು.

(6) ತಾರೀಖು, ಊರು, ಬೆಳೆ, ಗಿಡದ ಯಾವ ಭಾಗ, ಎಷ್ಟು ಗಿಡಗಳಲ್ಲಿ ಎಷ್ಟು ಹುಳು, ಇಷ್ಟನ್ನು ಬರೆದಿಡಿರಿ. ಚಿತ್ರದಷ್ಟೇ ಈ ಬರಹಕ್ಕೂ ಬೆಲೆಯಿದೆ.

ಯಾರಿಗೆ ತೋರಿಸಬೇಕು?

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿಗಳಿಗೆ ತೋರಿಸಿರಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ರೇಷ್ಮೆಯ ವಿಷಯವಾದರೆ ರೇಷ್ಮೆ ಇಲಾಖೆಯವರನ್ನು ಕಾಣಬೇಕು. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಖರ್ಚಿಲ್ಲದೆ ಕರೆ ಮಾಡಬಹುದು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಚಿತ್ರ ಕಳುಹಿಸಿ ಕೀಟದ ಗುರುತು ಪಡೆಯುವ ಒಂದು ವ್ಯವಸ್ಥೆಯನ್ನೂ ಆರಂಭಿಸಿದೆ. ಫೋನು ಹೇಳುವ ಹೆಸರನ್ನು ಮೊದಲ ಊಹೆಯೆಂದು ಮಾತ್ರ ತೆಗೆದುಕೊಳ್ಳಿರಿ. ತಿಳಿದವರು ಒಪ್ಪಿದ ಮೇಲೆ ನಿಜವೆನ್ನಿರಿ.

ಒಂದು ಊರಿನ ಚಿತ್ರ ನಾಡಿಗೇ ಎಚ್ಚರಿಕೆಯಾಗುವುದೂ ಉಂಟು. ಅಮೆರಿಕ ಖಂಡದಿಂದ ಹೊರಟ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಿಗೆ ಬಂದುದು 2018ರಲ್ಲಿ ನಮ್ಮ ಕರ್ನಾಟಕದ ಮುಸುಕಿನ ಜೋಳದಲ್ಲೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕದಂತೆ ನಾಲ್ಕು ಚುಕ್ಕೆ, ಇವೇ ಅದರ ಗುರುತು. ಸಮೀಪದಿಂದ ತೆಗೆದ ಒಳ್ಳೆಯ ಚಿತ್ರದಲ್ಲಿ ಇವೆರಡೂ ಕಾಣುತ್ತವೆ.

ಈ ವಾರದ ಅಭ್ಯಾಸ

ಶಾಲೆಯ ಮಕ್ಕಳನ್ನು ಜೊತೆಗೆ ಸೇರಿಸಿಕೊಳ್ಳಿರಿ. ಅವರ ಕಣ್ಣು ಚುರುಕು. ಮನೆಯ ದೀಪ, ಹಿತ್ತಲು, ತಿಪ್ಪೆಗುಂಡಿ, ನೀರಿನ ತೊಟ್ಟಿ, ಕಾಳಿನ ಚೀಲ, ಈ ಐದು ಕಡೆಯಿಂದ ಒಂದೊಂದು ಹುಳುವಿನ ಚಿತ್ರ ತೆಗೆಯಿರಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಇದಕ್ಕೆ ಕಾಲೆಷ್ಟು? ಇದು ಏನನ್ನು ತಿನ್ನುತ್ತಿದೆ? ಇದರ ಮರಿ ಹೇಗಿದೆ? ಎರಡನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಪಂಪನ್ನು ಹೆಗಲಿಗೆ ಏರಿಸಬೇಡಿರಿ.

ಮುಂದಿನ ಸಲ ಅಂಗಡಿಯವರು “ಎಂಥ ಹುಳು?” ಎಂದು ಕೇಳಿದಾಗ ಚಿತ್ರವನ್ನು ತೋರಿಸಿ ಹೆಸರು ಹೇಳುವಂತಾಗಲಿ. ಎಷ್ಟೋ ಸಲ ಹೆಸರು ತಿಳಿದ ಮೇಲೆ ಅಂಗಡಿಗೆ ಹೋಗುವ ಕೆಲಸವೇ ಉಳಿದಿರುವುದಿಲ್ಲ.