ಹಾಲು ಕಕ್ಕುವ ಅವಳಿ ಕೂಸುಗಳು ಮತ್ತು ಮನೆಯವರ ನಿದ್ದೆ



ಗಿಡಕ್ಕೆ ಬರುವ ರೋಗ, ಗೊಬ್ಬರದ ಲೆಕ್ಕ, ಧಾರಣೆಯ ಏರಿಳಿತ ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಆಗಾಗ್ಗೆ ಪಾಠಗಳು ಬರುತ್ತಿರುತ್ತವೆ. ಈ ಸಲ ತೋಟ ಮಾಡುವವರ ಮನೆಯೊಳಗಿನ ಒಂದು ಕಷ್ಟವನ್ನು ಕುರಿತು ಬರೆಯುತ್ತಿದ್ದೇವೆ. ಸಾಲಿಗ್ರಾಮದ ಕಡೆಯ ನಮ್ಮ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದವು. ಎರಡೂ ಕುಡಿದ ಹಾಲನ್ನು ಕಕ್ಕುತ್ತಿದ್ದವು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಮೊದಲ ನಾಲ್ಕೈದು ತಿಂಗಳು ಮನೆಮಂದಿ ಕಣ್ಣು ತುಂಬ ನಿದ್ದೆ ಕಂಡಿರಲಿಲ್ಲ. ಆಗ ವೈದ್ಯರಿಂದ, ಆಶಾ ಕಾರ್ಯಕರ್ತೆಯಿಂದ, ಹಿರಿಯರಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇವೆ. ಸಾರಾಂಶ ಇಷ್ಟೇ: ಕಕ್ಕುವುದಕ್ಕೆ ಬಹುಪಾಲು ಕಾಲವೇ ಮದ್ದು. ಆ ಕಾಲ ಕಳೆಯುವ ತನಕ ಮನೆಯವರು ತಮ್ಮ ನಿದ್ದೆಯನ್ನು ಕಾಪಾಡಿಕೊಳ್ಳಬೇಕು.

1. ಕೂಸು ಕಕ್ಕುವುದೇಕೆ?

ಬಾವಿಗೆ ಇಳಿಬಿಟ್ಟ ಪಂಪಿನ ಕೊಳವೆಯ ತುದಿಗೆ ಫುಟ್‌ವಾಲ್ವ್ ಇರುತ್ತದೆ. ಮೇಲೆ ಬಂದ ನೀರು ಹಿಂದಕ್ಕೆ ಹೋಗದಂತೆ ಅದು ತಡೆಯುತ್ತದೆ. ನಮ್ಮ ಅನ್ನನಾಳವೂ ಜಠರವೂ ಸೇರುವಲ್ಲಿ ಅಂಥದೇ ಕೆಲಸ ಮಾಡುವ ಸ್ನಾಯುವಿನ ಬಳೆಯೊಂದಿದೆ. ಹಸುಗೂಸಿನಲ್ಲಿ ಈ ಬಳೆ ಇನ್ನೂ ಬಲಿತಿರುವುದಿಲ್ಲ, ಆಗಾಗ ಸಡಿಲಗೊಳ್ಳುತ್ತದೆ. ಕೂಸಿನ ಆಹಾರವೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಅದು ಮಲಗಿಯೇ ಇರುತ್ತದೆ, ಹೊಟ್ಟೆಯೂ ಚಿಕ್ಕದು. ಆದ್ದರಿಂದ ಹಾಲು ಹಿಂದಕ್ಕೆ ಬರುತ್ತದೆ.

ಇದು ಸಾಮಾನ್ಯವಾಗಿ ಎರಡು ತಿಂಗಳು ತುಂಬುವ ಮೊದಲೇ ಆರಂಭವಾಗಿ, ನಾಲ್ಕನೆಯ ತಿಂಗಳ ಸುಮಾರಿಗೆ ಹೆಚ್ಚಾಗುತ್ತದೆ. ಕೂಸು ಕೂರಲು ಕಲಿತು, ಗಟ್ಟಿ ಆಹಾರ ತಿನ್ನತೊಡಗಿದಂತೆ ಇಳಿಯುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನಾಗಿ ನಿಲ್ಲುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂಸುಗಳು 37 ವಾರ ತುಂಬುವ ಮುನ್ನವೇ ಹುಟ್ಟುತ್ತವೆ. ದಿನ ತುಂಬದ ಕೂಸಿನ ಸ್ನಾಯು ಮತ್ತಷ್ಟು ಎಳಸು. ಹೀಗಾಗಿ ಅವಳಿಗಳ ಮನೆಯಲ್ಲಿ ಈ ತೊಂದರೆ ಹೆಚ್ಚು ಕಾಣುವುದು ಸಹಜ.

ಕಕ್ಕಿದರೂ ಕೂಸು ನಗುತ್ತಿದ್ದು, ಹಾಲು ಕುಡಿಯುತ್ತಿದ್ದು, ತೂಕ ಏರುತ್ತಿದ್ದರೆ ಅದನ್ನು ರೋಗವೆಂದು ಎಣಿಸಬೇಕಾಗಿಲ್ಲ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಿದರೆ ಸಮಾಧಾನ. ತೂಕ ಹಾಕಿಸಲು ದೂರ ಹೋಗಬೇಕಿಲ್ಲ. ದೇಶದಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಇಂದು ಊರೂರಿನ ಅಂಗನವಾಡಿಯಲ್ಲಿ ತಕ್ಕಡಿಯಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ಕ್ರಮವಿದೆ. ಆಕೆ ಬಂದಾಗ ಎರಡೂ ಕೂಸುಗಳ ತೂಕವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ.

2. ಹಾಲೂಡಿಸುವ ಕ್ರಮ

ಒಮ್ಮೆಗೇ ಹೊಟ್ಟೆ ಬಿರಿಯುವಂತೆ ಕುಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕುಡಿಸುವುದು ಲೇಸು. ಕುಡಿಸುವಾಗ ಕೂಸಿನ ತಲೆ ಹೊಟ್ಟೆಗಿಂತ ಮೇಲಿರಲಿ. ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಆಮೇಲೂ 20–30 ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಇಲ್ಲಿಯೇ ಅವಳಿಗಳ ತಾಯಿ ಸೋಲುವುದು: ಒಂದನ್ನು ಎತ್ತಿಕೊಂಡಿರುವಾಗ ಇನ್ನೊಂದು ಹಸಿದು ಅಳುತ್ತದೆ. ಹಾಲು ಕೊಡುವುದು ತಾಯಿಯ ಕೆಲಸ, ಎತ್ತಿಕೊಂಡು ತೇಗು ಬರಿಸುವುದು ತಂದೆಯದೋ ಅಜ್ಜಿಯದೋ ಕೆಲಸ ಎಂದು ಹಂಚಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ.

ತೂಕ ಕಡಿಮೆಯಿರುವ ಕೂಸನ್ನು ಎದೆಗೆ ಎದೆ ತಾಗುವಂತೆ ನೆಟ್ಟಗೆ ಅಪ್ಪಿಕೊಂಡಿರುವ ಕಾಂಗರೂ ಆರೈಕೆಯನ್ನು 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು ಜಾರಿಗೆ ತಂದರು. ಇದನ್ನು ತಂದೆಯೂ ಮಾಡಬಹುದು. ಅಮ್ಮನ ಎದೆಯಲ್ಲೊಂದು, ಅಪ್ಪನ ಎದೆಯಲ್ಲೊಂದು. ಕೂಸಿಗೆ ಬಿಸುಪು ಸಿಗುತ್ತದೆ, ನೆಟ್ಟಗೆ ಇರುವುದರಿಂದ ಹಾಲೂ ನಿಲ್ಲುತ್ತದೆ. ಆದರೆ ಎತ್ತಿಕೊಂಡವರು ಎಚ್ಚರವಾಗಿರಬೇಕು.

ಹಾಲು ಕುಡಿದ ಕೂಡಲೇ ಎಣ್ಣೆ ಹಚ್ಚಿ ತಿಕ್ಕುವುದು, ಹೊಟ್ಟೆಯ ಮೇಲೆ ಬಟ್ಟೆ ಬಿಗಿಯುವುದು ಬೇಡ. ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ವಾಡಿಕೆಯನ್ನೂ ಬಿಡಬೇಕು. ಬೀಡಿಯ ಹೊಗೆ, ಹೊಗೆಸೊಪ್ಪಿನ ಬ್ಯಾರನ್ನಿನ ಹೊಗೆ ಎರಡೂ ಕೂಸಿನ ಹತ್ತಿರ ಸುಳಿಯಬಾರದು. ಬಾಣಂತಿಗೆ ನೀರು ಕಡಿಮೆ ಕೊಡುವುದು ಸರಿಯಲ್ಲ. ಎರಡು ಕೂಸಿಗೆ ಹಾಲುಣಿಸುವ ತಾಯಿ ಬಾಯಾರಿದಷ್ಟೂ ಕುಡಿಯಲಿ, ಹೊಟ್ಟೆ ತುಂಬ ಉಣ್ಣಲಿ.

3. ಮಲಗಿಸುವ ಕ್ರಮ

ಕಕ್ಕುವ ಕೂಸನ್ನು ಬೋರಲು ಮಲಗಿಸಬೇಕೆಂದು ಹಲವರು ಹೇಳುತ್ತಾರೆ. ಇದು ಅಪಾಯ. ಕಕ್ಕುವ ಕೂಸನ್ನೂ ಅಂಗಾತವೇ ಮಲಗಿಸಬೇಕು. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲಿದ್ದು ಅನ್ನನಾಳ ಕೆಳಗಿರುತ್ತದೆ. ಹಿಂದಕ್ಕೆ ಬಂದ ಹಾಲು ತಗ್ಗಿನಲ್ಲೇ ಉಳಿಯುತ್ತದೆ, ಕೂಸು ಅದನ್ನು ನುಂಗಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 1991ರಿಂದಲೂ ಅಮೆರಿಕದಲ್ಲಿ 1994ರಿಂದಲೂ ಅಂಗಾತ ಮಲಗಿಸಿರೆಂದು ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆ ಸುಮಾರು ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಯಿತು.

ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಲಿ. ಸಾಸಿವೆ ತುಂಬಿದ ದಿಂಬು, ಮೆತ್ತನೆಯ ರಜಾಯಿ ಬೇಡ. ಎರಡು ಕೂಸುಗಳಿಗೂ ಬೇರೆ ಬೇರೆ ಜಾಗವಿರಲಿ. ಸೀರೆಯ ಜೋಲಿಯಲ್ಲಿ ಕತ್ತು ಮಡಚಿಕೊಳ್ಳುವ ಸಂಭವವಿರುವುದರಿಂದ, ಅದರಲ್ಲಿ ಹಾಕಿ ಕಣ್ಮರೆಯಾಗಬೇಡಿ. ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಕುರ್ಚಿಯಲ್ಲಿ ತೂಕಡಿಸುವುದು ಎಲ್ಲಕ್ಕಿಂತ ಅಪಾಯಕರ.

4. ಮದ್ದುಗಳ ವಿಚಾರ

ಗ್ರೈಪ್ ವಾಟರನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿಕಾರ ತಯಾರಿಸಿದ. ಅಂದಿನ ದ್ರಾವಣದಲ್ಲಿ ಮದ್ಯಸಾರವೂ ಸಕ್ಕರೆಯೂ ಇದ್ದವು. ಕೂಸು ಸುಮ್ಮನಾಗುತ್ತಿದ್ದುದಕ್ಕೆ ಅವೇ ಕಾರಣವಿರಬಹುದು. ಈಗಿನದರಲ್ಲಿ ಮದ್ಯಸಾರವಿಲ್ಲ, ಆದರೆ ಕಕ್ಕುವುದನ್ನು ಅದು ನಿಲ್ಲಿಸುತ್ತದೆ ಎಂಬುದಕ್ಕೂ ಆಧಾರವಿಲ್ಲ. ಆರು ತಿಂಗಳ ತನಕ ತಾಯಿಹಾಲೊಂದೇ ಸಾಕು. ಸಕ್ಕರೆ ನೀರು, ತೇಯ್ದ ಬಜೆ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಬಾರದು, ಅದರಿಂದ ಬಾಟುಲಿಸಂ ಎಂಬ ನರಗಳ ರೋಗ ತಗಲಬಹುದು. ವಾಂತಿ ನಿಲ್ಲಿಸುವ ಹನಿಯನ್ನು ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತರಬೇಡಿ.

ಈ ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ವೈದ್ಯರ ಬಳಿಗೆ ಹೊರಡಬೇಕು:

(ಅ) ಹಸಿರು ಬಣ್ಣದ ಅಥವಾ ರಕ್ತ ಬೆರೆತ ವಾಂತಿ.
(ಆ) ಎರಡು ವಾರದಿಂದ ಎರಡು ತಿಂಗಳೊಳಗಿನ ಕೂಸು ಪ್ರತಿ ಸಲವೂ ಪಿಚಕಾರಿಯಂತೆ ದೂರಕ್ಕೆ ಚಿಮ್ಮಿ ವಾಂತಿ ಮಾಡುವುದು.
(ಇ) ಹಾಲನ್ನೇ ಮುಟ್ಟದಿರುವುದು, ಮಂಕಾಗಿ ಬಿದ್ದಿರುವುದು, ಜ್ವರ.
(ಈ) ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಮಾಡುವುದು.
(ಉ) ಹೊಟ್ಟೆ ಅಥವಾ ನೆತ್ತಿ ಉಬ್ಬುವುದು, ಉಸಿರಾಟಕ್ಕೆ ಕಷ್ಟಪಡುವುದು.

ಇವಾವುವೂ ಇಲ್ಲದೆ ತೂಕ ಮಾತ್ರ ಏರದೆ ನಿಂತಿದ್ದರೂ ಎರಡು ದಿನದೊಳಗೆ ತೋರಿಸಿ. ತುರ್ತಿಗೆ 108 ವಾಹನವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗೆಂದೇ ಇರುವ ಸರ್ಕಾರಿ ಚೆಲುವಾಂಬ ಆಸ್ಪತ್ರೆಯಿದೆ.

5. ನಿದ್ದೆಯನ್ನು ಹಂಚಿಕೊಳ್ಳುವುದು

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ರಾತ್ರಿ ಪಾಳಿ ಹೊಸದಲ್ಲ. ಹೊಗೆಸೊಪ್ಪು ಬೇಯಿಸುವಾಗ ಬ್ಯಾರನ್ನಿನ ಉರಿ ಕಾಯಲು ಎಲ್ಲರೂ ಒಟ್ಟಿಗೆ ಎದ್ದು ಕೂರುವುದಿಲ್ಲ. ಒಬ್ಬ ಮಲಗುತ್ತಾನೆ, ಒಬ್ಬ ಕಾಯುತ್ತಾನೆ. ಕೂಸಿನ ವಿಷಯದಲ್ಲಿ ಮಾತ್ರ ಅದು ಅಳುತ್ತಲೇ ಮನೆಮಂದಿಯೆಲ್ಲ ಏಳುತ್ತೇವೆ. ಬೆಳಗಾಗುವಷ್ಟರಲ್ಲಿ ಎಲ್ಲರೂ ಸಮನಾಗಿ ಸೋತಿರುತ್ತೇವೆ.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ರಾತ್ರಿ 8ರಿಂದ 1ರ ತನಕ ಒಂದು ಪಾಳಿ, 1ರಿಂದ ಬೆಳಗಿನ 6ರ ತನಕ ಇನ್ನೊಂದು. ಮೊದಲ ಪಾಳಿಯಲ್ಲಿ ತಾಯಿ ಬೇರೆ ಕೋಣೆಯಲ್ಲಿ ಮಲಗುವುದು, ತಂದೆಯೂ ಅಜ್ಜಿಯೂ ಕೂಸುಗಳನ್ನು ನೋಡಿಕೊಳ್ಳುವುದು. ಆ ಪಾಳಿಯ ಒಂದು ಹೊತ್ತಿನ ಹಾಲನ್ನು ತಾಯಿ ಮೊದಲೇ ಶುಚಿಯಾದ ಪಾತ್ರೆಗೆ ಹಿಂಡಿಟ್ಟು, ನಾಲ್ಕು ಗಂಟೆಯೊಳಗೆ ಒಳಲೆಯಿಂದ ಕುಡಿಸುವುದು. ಹೆರಿಗೆಯಾಗಿ ತಿಂಗಳು ಕಳೆದು ಹಾಲಿಳಿಕೆ ನೆಲೆಗೊಂಡ ಮೇಲೆ ಇದು ಸುಲಭ. ತಾಯಿಗೆ ಎಡೆಬಿಡದ ನಾಲ್ಕು ಗಂಟೆ ನಿದ್ದೆ ಸಿಕ್ಕರೂ ಮರುದಿನ ಬೇರೆಯೇ ಆಗಿರುತ್ತದೆ. ರಾತ್ರಿ ಒಂದು ಕೂಸು ಹಸಿದು ಎದ್ದರೆ ಇನ್ನೊಂದನ್ನೂ ಎಬ್ಬಿಸಿ ಕುಡಿಸಿ. ಇಲ್ಲವಾದರೆ ಸರದಿ ಮುಗಿಯುವುದೇ ಇಲ್ಲ. ಯಾವುದು ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು ಎಂಬುದನ್ನು ಆಳುಗಳ ಹಾಜರಿ ಪುಸ್ತಕದಂತೆ ಎರಡು ಕಲಂ ಹಾಕಿ ಬರೆದಿಡಿ. ಪಾಳಿ ಬದಲಾಗುವಾಗ ಮಲಗಿದವರನ್ನು ಕೇಳಿ ಎಬ್ಬಿಸಬೇಕಾಗುವುದಿಲ್ಲ.

ನಿದ್ದೆಗೆಟ್ಟ ಮೈಯನ್ನು ಹಗುರವಾಗಿ ಎಣಿಸಬಾರದು. ಹದಿನೇಳು ಗಂಟೆ ಸತತ ಎಚ್ಚರವಿದ್ದವನ ಕೈಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗಿರುವ ಮಿತಿಯೇ 30 ಮಿಲಿಗ್ರಾಂ. ಆದ್ದರಿಂದ ರಾತ್ರಿ ಪಾಳಿ ಮಾಡಿದ ತಂದೆ ಮರುದಿನ ಅಡಿಕೆ ಮರ ಹತ್ತಬಾರದು. ಮರಗಸಿಗೆ ಏಣಿ ಹಾಕುವುದು, ಕಳೆ ಕೊಚ್ಚುವ ಯಂತ್ರ ಹಿಡಿಯುವುದು, ಬೈಕಿನಲ್ಲಿ ದೂರದ ಊರಿಗೆ ಹೊರಡುವುದು ಎಲ್ಲವನ್ನೂ ಮುಂದೂಡಿ. ಮಧ್ಯಾಹ್ನ ಅರ್ಧ ಗಂಟೆ ಮಲಗಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಆ ವರ್ಷ ತೋಟದ ಕೆಲಸದಲ್ಲಿ ಎರಡು ಕಡಿಮೆಯಾದರೂ ನಡೆಯುತ್ತದೆ.

6. ಮನಸ್ಸಿನ ಮಾತು

ಕೂಸುಗಳ ಅಳು ಸುಮಾರು ಆರನೆಯ ವಾರದಲ್ಲಿ ಹೆಚ್ಚಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಿದ್ದೆಯಿಲ್ಲದವರಿಗೆ ಆ ಅಳು ಕೇಳಿ ಕೋಪ ಬರಬಹುದು. ಎಂಥ ಕೋಪದಲ್ಲೂ ಕೂಸನ್ನು ಹಿಡಿದು ಅಲುಗಾಡಿಸಬೇಡಿ. ಮಿದುಳಿಗೆ ಪೆಟ್ಟಾಗಿ ಪ್ರಾಣಕ್ಕೇ ಕುತ್ತು ಬರುತ್ತದೆ. ಅಂಗಾತ ಮಲಗಿಸಿ, ಐದು ನಿಮಿಷ ಜಗಲಿಗೆ ಬಂದು ಕುಳಿತು, ಇನ್ನೊಬ್ಬರನ್ನು ಕರೆಯಿರಿ. ಐದು ನಿಮಿಷ ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ.

ತಾಯಿಗೆ ಎರಡು ವಾರ ಮೀರಿ ಅಳು, ಬೇಸರ, ಕೂಸುಗಳೇ ಬೇಡವೆನ್ನುವಂಥ ಭಾವ ಇದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಅದಕ್ಕೆ ಚಿಕಿತ್ಸೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕಡೆಯದಾಗಿ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆ. ನಮ್ಮ ಕೊಯ್ಲಿಗೆ ನೀವು, ನಿಮ್ಮ ಕೊಯ್ಲಿಗೆ ನಾವು. ಇದನ್ನು ತೊಟ್ಟಿಲ ಮನೆಗೂ ತರಬಹುದು. ನೆರೆಯಲ್ಲಿ ಅವಳಿ ಕೂಸುಗಳಿದ್ದರೆ ನೋಡಿ ಹೋಗಲು ಬಂದವರು ಮಧ್ಯಾಹ್ನ ಎರಡು ಗಂಟೆ ಕೂಸುಗಳನ್ನು ಎತ್ತಿಕೊಂಡು, ಬಾಣಂತಿಯನ್ನು ಮಲಗಲು ಕಳಿಸಿ. ಒಂದು ಹೊತ್ತಿನ ಸಾರು ಮಾಡಿ ತಂದುಕೊಡಿ. ಹಣ್ಣು ಕೊಯ್ಯುವ ಕಾಲಕ್ಕೆ ಆ ಮನೆಯವರು ನಿಮ್ಮ ಮುಯ್ಯಿ ತೀರಿಸುತ್ತಾರೆ. ಅಷ್ಟರಲ್ಲಿ ಕೂಸುಗಳು ಕಕ್ಕುವುದನ್ನೂ ನಿಲ್ಲಿಸಿರುತ್ತವೆ.